ಶಂಖಿಯ ಗಂಟಲಿಗಾಗಿ ನಾನು ನುಡಿದ ಉತ್ತರ

ವೀರನಿರ್ವಾಣ ಸಂವತ್ಸರ ಎರಡು ಸಾವಿರದ ಎಂಟುನೂರ ಅರವತ್ತೊಂದು, ಏಳನೆಯ ಋತುವಾದ ಕೆಂದೆರೆಯ ನಡುಭಾಗ, ಕಾಣದ ಚಂದ್ರನ ಸಪ್ತಮಿ. ಕೊಪಣದ ಬೆಟ್ಟದ ತಪ್ಪಲು.

ನಮಗಿಂತ ಮೊದಲು ಈ ಗಾಳಿಯನ್ನು ಉಸಿರಾಡಿದ ಹಿರಿಯರಿಗೆ, ಅದರಲ್ಲಿಯೂ ನಿಮ್ಮ ಕಾಲದ ಕುದುರೆವೈದ್ಯರಿಗೆ ಮತ್ತು ಅವರ ಬಾಗಿಲಲ್ಲಿ ಲಗಾಮು ಹಿಡಿದು ನಿಂತವರಿಗೆ, ಧರಣೇಂದ್ರ ಉಪಾಧ್ಯೆಯು ತಲೆಬಾಗಿ ಮಾಡುವ ವಿಜ್ಞಾಪನೆ. ನಿಮ್ಮ ಪಂಚಾಂಗದಲ್ಲಿ ಋತುಗಳು ಆರೇ ಎಂಬುದನ್ನು ಬಲ್ಲೆ. ಏಳನೆಯದು ಎಲ್ಲಿಂದ ಬಂತೆಂದು ಕೇಳಬೇಡಿರಿ, ಅದನ್ನು ನಾವೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ಬಿಟ್ಟು ಬಹುಕಾಲವಾಯಿತು. ನನ್ನ ನುಡಿ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಾನು ಬರೆಯಲು ಕಲಿತದ್ದು ಬಸದಿಯ ಹಳೆಯ ಗದ್ಯಗ್ರಂಥಗಳಿಂದ. ನಮ್ಮ ಜನರ ಆಡುಮಾತು ಮಾತ್ರ ನಿಮ್ಮ ಕಾಲದ ಸಂತೆಯ ಮಾತಿಗಿಂತ ಹೆಚ್ಚೇನೂ ಬದಲಾಗಿಲ್ಲವೆಂದು ತಿಳಿದವರು ಹೇಳುತ್ತಾರೆ. ಈ ಬಗೆಯ ಓಲೆಗೆ ನಾವು ಹಿನ್ನೋಲೆ ಎನ್ನುತ್ತೇವೆ. ಬರೆದುದನ್ನು ಬೆಳಗಿನ ಸಾಮಾಯಿಕ ಧ್ಯಾನ ಮುಗಿದ ಮೇಲೆ ಬೆಟ್ಟದ ಗುಹೆಯ ಬಾಯಲ್ಲಿ ನಿಂತು ಮೆಲ್ಲನೆ ಓದುವುದು, ಬಂಡೆ ಅದನ್ನು ಒಳಗೆಳೆದುಕೊಳ್ಳುವುದು, ಹಿಂದೆ ಎಂದೋ ಮಲಗಿರುವ ಯಾರದೋ ನಿದ್ದೆಯಲ್ಲಿ ಅದು ಹೊರಬರುವುದು. ಆದುದರಿಂದ ನೀವು ಇದನ್ನು ಓದುತ್ತಿರುವಿರೆಂದು ಭಾವಿಸಿದ್ದರೂ, ಬಹುಶಃ ಕನಸು ಕಾಣುತ್ತಿರುವಿರಿ. ಎಚ್ಚರಗೊಳ್ಳುವ ಅವಸರವಿಲ್ಲ.

ಕೆಂದೆರೆಯೆಂದರೆ ಮಂಜು ಮತ್ತು ಕೆಂಪು ಧೂಳು ಕೂಡಿ ಆಕಾಶದಿಂದ ನೆಲದವರೆಗೆ ಇಳಿಬಿದ್ದಿರುವ ತೆರೆ. ಅದು ಇಳಿದಾಗ ಯಂತ್ರಗಳು ಹೂಳು ತಿಂದು ನಿಲ್ಲುತ್ತವೆ, ದೀಪದ ಬೆಳಕು ಕೈಯಳತೆಯಾಚೆ ಹೋಗುವುದಿಲ್ಲ. ಮನೆಯಿಂದ ಮನೆಗೆ ಹಗ್ಗ ಕಟ್ಟಿಕೊಂಡು ಅದನ್ನು ಸವರುತ್ತ ಹೋಗುತ್ತೇವೆ. ನೀರನ್ನು ಮೊದಲು ಸೋಸುತ್ತಿದ್ದುದು ಜೀವದಯೆಗಾಗಿ, ಈಗ ಅದೇ ಬಟ್ಟೆಯನ್ನು ಮತ್ತೆರಡು ಮಡಿಕೆ ಮಾಡಿ ನಮ್ಮ ದಯೆಗಾಗಿಯೂ ಸೋಸುತ್ತೇವೆ. ಹಿಟ್ಟು ನಾದುವ ಹೆಂಗಸರು ಪರಾತದ ಮೇಲೆ ಸೆರಗು ಹಿಡಿದು ನಾದುತ್ತಾರೆ. ಆದರೂ ಆ ಋತುವಿನ ರೊಟ್ಟಿಗಳು ನಸುಗೆಂಪಾಗಿರುತ್ತವೆ, ಅತಿಥಿಗಳು ಅದನ್ನು ಕಾಣದವರಂತೆ ಉಣ್ಣುತ್ತಾರೆ. ಇಂಥ ಕಾಲದಲ್ಲಿ ಬೆಟ್ಟದಾಚೆಯ ತಂಗುಗಳಿಗೆ, ಅಂದರೆ ಗುಹೆಗಳ ಸುತ್ತ ನೆಲೆನಿಂತ ಸಣ್ಣ ಊರುಗಳಿಗೆ, ಔಷಧಿಯನ್ನೂ ಬೀಜವನ್ನೂ ಸುದ್ದಿಯನ್ನೂ ಒಯ್ಯಬಲ್ಲುದು ಕುದುರೆಯೊಂದೇ. ಅದು ಕಣ್ಣಿನಿಂದ ದಾರಿ ನೋಡುವುದಿಲ್ಲ, ಗೊರಸಿನಿಂದ ನೋಡುತ್ತದೆ. ಆದರೆ ಅದಕ್ಕೊಂದು ಕಷ್ಟವಿದೆ. ಮನುಷ್ಯನಂತೆ ಕುದುರೆ ಬಾಯಿಯಿಂದ ಉಸಿರಾಡಲಾರದು. ಇರುವುದು ಮೂಗಿನ ದಾರಿಯೊಂದೇ, ಆ ದಾರಿಯ ಕೊನೆಯಲ್ಲಿ ಗಂಟಲಿನ ಬಾಗಿಲೊಂದೇ.

ನಾನು ಹೇಳಹೊರಟಿರುವುದು ಒಂದು ಹೆಣ್ಣುಕುದುರೆಯ ಆ ಬಾಗಿಲಿನ ಕಥೆ. ಅವಳನ್ನು ಸಾಕಿದವಳು ದಾವಲಬಿ, ಬೆಟ್ಟದಾಚೆಯ ದಾರಿ ನಡೆಸುವ ಮನೆತನದವಳು. ಮರಿಯಿದ್ದಾಗ ಕುದುರೆಗೆ ಸೋಮಿ ಎಂದು ಹೆಸರಿಟ್ಟಿದ್ದಳು. ಹೋದ ವರುಷ ಓಡುವಾಗ ಅವಳ ಗಂಟಲಿನಿಂದ ದೂರದಲ್ಲಿ ಯಾರೋ ಶಂಖ ಊದಿದಂಥ ದನಿ ಬರತೊಡಗಿತು. ಕೆಂದೆರೆಯೊಳಗೆ ಏನೂ ಕಾಣದಿದ್ದಾಗ ಮೊದಲು ಆ ದನಿ ಬರುವುದು, ಅದರ ಹಿಂದೆ ಗೊರಸು, ಅದರ ಹಿಂದೆ ಔಷಧಿಯ ಚೀಲ. ತಂಗುಗಳ ಜನ ಅವಳನ್ನು ಶಂಖಿಯೆಂದು ಕರೆದರು, ದನಿ ಕೇಳಿದೊಡನೆ ಕೈಮುಗಿದರು. ಮಂಗಳವಾದ್ಯವೆಂದು ನಾವೆಲ್ಲರೂ ತಿಳಿದುದು ಆ ಬಡಜೀವದ ಏದುಸಿರಾಗಿತ್ತು. ಈ ಸಲ ಕೆಂದೆರೆ ಇಳಿಯುವ ಮುನ್ನ ಏರುದಾರಿಯಲ್ಲಿ ಅವಳು ನಿಂತುಬಿಟ್ಟಳು, ನಾಲಿಗೆ ನೀಲಿಯಾಯಿತು. ದಾವಲಬಿ ಚೀಲಗಳನ್ನು ತಾನೇ ಹೊತ್ತು, ಅವಳನ್ನು ನಡೆಸಿಕೊಂಡು ಹಿಂದಿರುಗಿದಳು.

ನಮ್ಮಲ್ಲಿ ಮೂಕಜೀವಿಯ ಮೈಮೇಲೆ ಶಸ್ತ್ರವಿಡುವ ಮೊದಲು ಉಸಿರುಸಭೆ ಕೂಡಬೇಕು. ಐದು ಇಂದ್ರಿಯಗಳುಳ್ಳ ಜೀವಕ್ಕೆ ನೋವು ಕೊಡಲು ಅದರ ಒಪ್ಪಿಗೆ ಬೇಕು. ಅದು ಮಾತನಾಡಲಾರದು, ಆದುದರಿಂದ ಅದಕ್ಕೊಬ್ಬ ಬದಲುನಾಲಿಗೆಯನ್ನು ನೇಮಿಸುತ್ತಾರೆ. ಬದಲುನಾಲಿಗೆಯು ಸಭೆಯಲ್ಲಿ ಕುದುರೆಯಾಗಿಯೇ ನುಡಿಯಬೇಕು. ‘ಅವಳಿಗೆ’ ಎನ್ನುವಂತಿಲ್ಲ, ‘ನನಗೆ’ ಎನ್ನಬೇಕು. ಅವನು ನುಡಿದ ಉತ್ತರದಿಂದ ಜೀವಕ್ಕೆ ಹಾನಿಯಾದರೆ ಆ ಕರ್ಮ ಅವನದೇ. ನುಡಿಯುವ ಮೊದಲು ಅವನು ನಾಳಧಾರಣೆ ಮಾಡಬೇಕು. ವೈದ್ಯರು ಆ ಪ್ರಾಣಿಯ ಉಸಿರುದಾರಿಯ ಇಕ್ಕಟ್ಟಿಗೆ ತಕ್ಕಂತೆ ಒಂದು ಟೊಳ್ಳು ಜೊಂಡಿನ ಕಡ್ಡಿಯನ್ನು ಕೊರೆದು ಕೊಡುತ್ತಾರೆ. ಅದನ್ನು ಬಾಯಲ್ಲಿಟ್ಟು, ಮೂಗಿಗೆ ಬಟ್ಟೆ ಬಿಗಿದು, ಪದ್ಮಾಸನದಲ್ಲಿ ಕುಳಿತು ಉಸಿರಾಡಬೇಕು. ಜೀವಿಯ ಕಷ್ಟವನ್ನು ತಾನು ಅನುಭವಿಸಿದ ಬಳಿಕವೇ ಅವನಿಗೆ ನಾಲಿಗೆ. ಈ ಪದ್ಧತಿಯನ್ನು ಏರ್ಪಡಿಸಿದ ಪೂರ್ವಿಕರು ದಯಾವಂತರು. ಅದೇ ದಯೆಯಿಂದ ಇನ್ನೊಂದು ಕಟ್ಟಳೆಯನ್ನೂ ಇಟ್ಟರು: ಕಾಯಿಲೆಯ ಪ್ರಾಣಿಯನ್ನು ಪರೀಕ್ಷೆಗಾಗಿ ಓಡಿಸಬಾರದು. ಏದುಸಿರು ಬಿಡುವ ಜೀವವನ್ನು ಮತ್ತೂ ಓಡಿಸಿ ನೋಡುವುದಕ್ಕಿಂತ ದೊಡ್ಡ ಹಿಂಸೆಯಿಲ್ಲವೆಂದು ನಾವೆಲ್ಲರೂ ಬಗೆದಿದ್ದೆವು. ಶಂಖಿಗೆ ಬದಲುನಾಲಿಗೆಯಾಗಲು ಸಭೆಯು ನನ್ನನ್ನು ಕರೆಯಿತು.

ನಮ್ಮ ಶಸ್ತ್ರವೈದ್ಯೆ ಹುಲಿಗೆವ್ವ. ಅವಳ ಬಳಿ ಕಣ್ಣುಬಳ್ಳಿಯಿದೆ. ಅದು ತುದಿಯಲ್ಲಿ ಬೆಳಕೂ ಕಣ್ಣೂ ಉಳ್ಳ ತೆಳುವಾದ ಬಳ್ಳಿ. ಕುದುರೆಯ ಮೂಗಿನ ಹೊಳ್ಳೆಯಿಂದ ಒಳಗಿಳಿಸಿದರೆ ಗಂಟಲಿನ ಚಿತ್ರ ಹೊರಗಿನ ಪಾರದರ್ಶಕ ಎಲೆಯ ಮೇಲೆ ಮೂಡುತ್ತದೆ. ಇಂಥದು ನಿಮ್ಮ ಕಾಲದಲ್ಲಿಯೇ ಇತ್ತೆಂದು ಕೇಳಿ ಸಂತೋಷಪಟ್ಟೆ. ನಿಂತಿದ್ದ ಶಂಖಿಯ ಗಂಟಲನ್ನು ಸಭೆ ನೋಡಿತು. ಶ್ವಾಸನಾಳದ ಬಾಯಲ್ಲಿ ಮೃದ್ವಸ್ಥಿಯ ಎರಡು ಕದಗಳಿರುತ್ತವೆ, ಉಸಿರೆಳೆದಾಗ ಎರಡೂ ತೆರೆದುಕೊಳ್ಳಬೇಕು. ಅವಳ ಬಲಗದ ಸರಿಯಾಗಿ ತೆರೆಯಿತು. ಎಡಗದ ನಡುಗುತ್ತ, ತಡವಾಗಿ, ಅರೆಮನಸ್ಸಿನಿಂದ ತೆರೆಯಿತು. ಅದನ್ನು ನಡೆಸುವ ನರ ಸೊರಗಿದೆಯೆಂದು ಹುಲಿಗೆವ್ವ ಹೇಳಿದಳು. ಸಭೆಗೆ ಅಷ್ಟೇ ಸಾಕಾಯಿತು. ಎಡಗದವನ್ನು ದಾರದಿಂದ ಹಿಂದಕ್ಕೆಳೆದು, ಎಂದೂ ಮುಚ್ಚದಂತೆ ಹೊಲಿದುಬಿಡುವ ಚಿಕಿತ್ಸೆಯೊಂದಿದೆ. ಅದನ್ನು ಕಟ್ಟುಹೊಲಿಗೆ ಎನ್ನುತ್ತಾರೆ. ಅದನ್ನೇ ಮಾಡಬೇಕೆಂದು ಎಲ್ಲರೂ ತಲೆಯಾಡಿಸಿದರು. ದಾವಲಬಿಯಂತೂ ಎದ್ದುನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಟ್ಟಿಬಿಡ್ರಿ ಡಾಕ್ಟರವ್ವಾ. ಆ ಬಾಗಲಾ ಪೂರಾ ತೆರದು ಕಟ್ರಿ. ಮುಚ್ಚಗೊಡಬ್ಯಾಡ್ರಿ. ಆಕಿ ನಾಲಿಗಿ ನೀಲಿ ಆಗಿದ್ದು ಇನ್ನೊಮ್ಮೆ ನೋಡಾಕ ನನಗ ಆಗಂಗಿಲ್ಲ."

ಹುಲಿಗೆವ್ವ ಎಲೆಯ ಮೇಲಿನ ಚಿತ್ರವನ್ನು ಅಳಿಸಿದಳು. "ಮುಚ್ಚದ ಬಾಗಲಾ ನೀರಿಗೂ ತೆರದ ಇರತೈತಿ, ದಾವಲಬಿ. ಮುಕುಟನ್ನ ಮರತೇನು?"

ಮುಕುಟನೆಂಬುದು ನನಗಿಂತ ಮೊದಲು ಬದಲುನಾಲಿಗೆಯಾಗಿದ್ದವರ ಕಾಲದ ಕುದುರೆ. ಕಟ್ಟುಹೊಲಿಗೆಯ ಬಳಿಕ ಅದು ಗಾಳಿಯಂತೆ ಓಡಿತು. ಆದರೆ ನೀರಿಗೆ ಬಾಯಿಟ್ಟಾಗಲೆಲ್ಲ ಕೆಮ್ಮಿತು. ಗಂಟಲಿನ ಕದಗಳಿಗೆ ತೆರೆಯುವುದಷ್ಟೇ ಕೆಲಸವಲ್ಲ, ನುಂಗುವಾಗ ಮುಚ್ಚುವುದೂ ಕೆಲಸ. ಮುಚ್ಚದ ಕದದಿಂದ ನೀರೂ ಮೇವಿನ ಪುಡಿಯೂ ಪುಪ್ಪುಸಕ್ಕೆ ಇಳಿದವು. ಕೆಂದೆರೆಯ ಧೂಳೂ ಜೊತೆಗೂಡಿತು. ಅದರ ಕೆಮ್ಮು ಬಸದಿಯ ಅಂಗಳದವರೆಗೆ ಕೇಳಿಸುತ್ತಿತ್ತು, ಬಳಿಕ ಒಂದು ಬೆಳಗ್ಗೆ ಕೇಳಿಸಲಿಲ್ಲ.

"ಹಂಗಾದ್ರ ಏನ ಮಾಡೂದು?" ಎಂದು ಕೇಳಿದವಳು ದ್ಯಾಮವ್ವ, ಬೆಟ್ಟದಾಚೆಯ ತಂಗಿನ ಪರವಾಗಿ ಬಂದಿದ್ದ ಮುದುಕಿ.

"ಕಟ್ಟುಹೊಲಿಗಿ ಬೇಕೋ ಬ್ಯಾಡೋ ಅಂತ ಆಕಿ ಓಡೂ ಮುಂದ ನೋಡಿದ್ರನ ಗೊತ್ತಾಗೂದು. ನಿಂತ ಕುದರಿ ಗಂಟಲಾ ನೋಡಿ ಓಡೂ ಕುದರಿ ಜಡ್ಡು ಹೇಳಂದ್ರ ಹೆಂಗ ಹೇಳ್ಲಿ?" ಎಂದಳು ಹುಲಿಗೆವ್ವ.

"ಜಡ್ಡಾದಾಕಿನ್ನ ಓಡಸ್ತಿಯಾ? ನಿನಗ ಕರುಳೈತೋ ಇಲ್ಲೋ, ತಂಗಿ?"

"ಕರುಳೈತಿ ಅಂತನ ಕೇಳಾಕ್ಹತ್ತೀನಿ, ಯಮ್ಮಾ. ಇಲ್ದಿದ್ರ ನಿನ್ನೇನ ಆಕಿನ್ನ ಕೊಯ್ದು, ಕೈ ತೊಳಕೊಂಡು, ಊಟಕ್ಕ ಹೋಗ್ತಿದ್ದೆ."

ಸಭೆಯಲ್ಲಿ ಕೆಲವರು ನಕ್ಕರು, ಕೆಲವರು ಕಿವಿ ಮುಚ್ಚಿಕೊಂಡರು. ದಾವಲಬಿ ಮಾತ್ರ ನಗಲಿಲ್ಲ. ಓಡುತ್ತ ಓಡುತ್ತ ಕುದುರೆ ಬಿದ್ದರೇನು ಗತಿಯೆಂದು ಅವಳು ಕೇಳಿದಳು. ನಾನು ಆಗಷ್ಟೇ ನಾಳಧಾರಣೆ ಮುಗಿಸಿದ್ದೆ. ನಿಜವನ್ನು ಹೇಳಬೇಕಾದರೆ, ಕುಳಿತಲ್ಲಿ ಆ ನಾಳದಿಂದ ಉಸಿರಾಡುವುದು ನನಗೇನೂ ಕಷ್ಟವೆನಿಸಿರಲಿಲ್ಲ. ಧ್ಯಾನಕ್ಕೆ ಅನುಕೂಲವೇ ಆಗಿತ್ತು. ಕಟ್ಟಳೆಯನ್ನು ಮುರಿಯಲಾಗದೆಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಹುಲಿಗೆವ್ವ ನನ್ನ ಕಡೆ ತಿರುಗಿ ಕೈಮುಗಿದಳು.

"ಅಜ್ಜಾರ, ನೀವು ದಿನಾ ಬೆಟ್ಟಾ ಹತ್ತಿ ಪಾದದ ದರ್ಶನ ಮಾಡ್ತೀರಲ್ರೀ? ನಾಳೆ ಈ ಕೊಳವಿ ಬಾಯಾಗ ಇಟಗೊಂಡ ಹತ್ರಿ. ಆಮ್ಯಾಲ ಬಂದು ಬ್ಯಾಡ ಅನ್ರಿ. ನಾ ಸುಮ್ನ ಆಗ್ತೀನಿ."

ಮರುದಿನ ಬೆಳಕು ಹರಿಯುತ್ತಿದ್ದಂತೆ ನಾನು ಹತ್ತಿದೆ. ಆ ಬೆಟ್ಟದ ನೆತ್ತಿಯ ಬಂಡೆಯಲ್ಲಿ ಮುನಿಗಳ ಪಾದಗಳನ್ನು ಕೆತ್ತಿದ್ದಾರೆ. ಅಲ್ಲಿ ದೇಹ ಬಿಟ್ಟವರು ಹೆಸರು ಬಿಡಲಿಲ್ಲ, ಹೆಜ್ಜೆ ಬಿಟ್ಟರು. ಮೊದಲ ತಿರುವಿನವರೆಗೆ ನಾಳ ನನ್ನೊಡನೆ ಸೌಮ್ಯವಾಗಿಯೇ ಇತ್ತು. ಎರಡನೆಯ ತಿರುವಿನಲ್ಲಿ ಅದು ಸಿಳ್ಳು ಹಾಕಿತು. ಆಮೇಲೆ ಬಂಡೆಗಳು ಅಲುಗಾಡುವ ನೀರಿನಲ್ಲಿ ಕಂಡಂತೆ ಕಾಣತೊಡಗಿದವು, ನನ್ನ ಕಾಲುಗಳು ಬೇರೊಬ್ಬರವೆನಿಸಿದವು. ಎಲ್ಲಿಯೋ ಶಂಖದ ದನಿ ಕೇಳಿಸಿತು. ಶಂಖಿ ತಪ್ಪಲಿನ ಲಾಯದಲ್ಲಿ ನಿಂತಿದ್ದಳು, ದನಿ ನನ್ನೊಳಗಿನದಾಗಿತ್ತು. ಕುಳಿತವನ ಉಸಿರು ಹತ್ತುವವನ ಉಸಿರಿನ ವಿಷಯದಲ್ಲಿ ಏನನ್ನೂ ಹೇಳಲಾರದೆಂಬುದು ಆಗ ನನಗೆ ಮನದಟ್ಟಾಯಿತು. ಪಾದಗಳ ಬಳಿ ಮೊಣಕಾಲೂರಿ ನಾನು ನಾಳವನ್ನು ಕಿತ್ತೆಸೆದೆ, ಮೂಗಿನ ಬಟ್ಟೆ ಬಿಚ್ಚಿದೆ, ಬಾಯಿ ಅಗಲಿಸಿ ಬೆಟ್ಟದ ಗಾಳಿಯನ್ನೆಲ್ಲ ಕುಡಿದೆ. ಕಿತ್ತೆಸೆಯುವ ಸ್ವಾತಂತ್ರ್ಯ ನನಗಿತ್ತು. ತೆರೆಯಲು ನನಗೆ ಇನ್ನೊಂದು ಬಾಯಿಯಿತ್ತು.

ಇಳಿದುಬಂದು ಮೊದಲು ಲಾಯಕ್ಕೆ ಹೋದೆ. ಬಿಸಿಲಿಗೆ ಕಾದ ಗೋಡೆಯಂತೆ ಬೆಚ್ಚಗಿದ್ದ ಅವಳ ಕೊರಳಿಗೆ ಹಣೆಯೂರಿ, ಅವಳ ಕಿವಿಯಲ್ಲಿ ಕ್ಷಮೆ ಬೇಡಿದೆ. ಕೊಡಲಿರುವ ನೋವಿಗಾಗಿ ಬೇಡಿದೆ, ದಯೆಯೆಂದು ತಿಳಿದು ನಾವು ನೋಡದೆ ಬಿಟ್ಟುದಕ್ಕಾಗಿ ಬೇಡಿದೆ. ಅವಳು ನನ್ನ ಉತ್ತರೀಯದ ಅಂಚನ್ನು ಬಾಯಲ್ಲಿ ಹಿಡಿದು ಜಗಿಯುತ್ತಿದ್ದಳು. ಅದನ್ನು ಒಪ್ಪಿಗೆಯೆಂದು ಬರೆಯಲು ನನಗೆ ಧೈರ್ಯವಿಲ್ಲ. ಸಭೆಯ ಮುಂದೆ ನಿಂತು ಪದ್ಧತಿಯಂತೆ ಕುದುರೆಯಾಗಿ ನುಡಿದೆ: "ನನ್ನನ್ನು ಓಡಿಸಿರಿ. ಓಡುವಾಗ ನನ್ನ ಗಂಟಲನ್ನು ನೋಡಿರಿ. ನೋಡಿದ ಮೇಲೆ ಎಷ್ಟು ಬೇಕೋ ಅಷ್ಟನ್ನೇ ಕೊಯ್ಯಿರಿ."

"ನಿಮ್ಮ ಬಾಯಾಗ ಆಕಿ ಹಿಂಗ ಅಂದ್ಳಾ, ಅಜ್ಜಾರ?" ಎಂದು ದಾವಲಬಿ ಕೇಳಿದಳು.

"ಅಂದಳು ಎನ್ನಲಾರೆ, ಮಗಳೇ. ನಾನು ಹತ್ತಿಬಂದೆ, ಅಷ್ಟೇ."

ಅವಳು ಹೋಗಿ ಜೀನು ತಂದಳು.

ಒಣಗಿದ ಕೆರೆಯಂಗಳದಲ್ಲಿ ದಾವಲಬಿಯೇ ಏರಿ ಓಡಿಸಿದಳು. ಕಣ್ಣುಬಳ್ಳಿಯನ್ನು ಹೊಳ್ಳೆಯಿಂದ ಇಳಿಸಿ ಕಡಿವಾಣಕ್ಕೆ ಬಿಗಿದಿದ್ದೆವು. ಚಿತ್ರ ಮೂಡುವ ಎಲೆ ಹುಲಿಗೆವ್ವನ ಅಂಗೈಯಲ್ಲಿತ್ತು, ಉಳಿದ ನಾವೆಲ್ಲರೂ ಅದರ ಮೇಲೆ ಬಾಗಿದ್ದೆವು. ಕೆಂದೆರೆ ಆಗಲೇ ದಿಗಂತದಲ್ಲಿ ಮಡಿಕೆಮಡಿಕೆಯಾಗಿ ನಿಂತಿತ್ತು. ಕುದುರೆ ದೂರ ಸರಿದಂತೆ ಅವಳ ಮೈ ಚಿಕ್ಕದಾಯಿತು, ಅಂಗೈಯೊಳಗಿನ ಗಂಟಲು ಮಾತ್ರ ಅಷ್ಟೇ ದೊಡ್ಡದಾಗಿ ಉಳಿಯಿತು. ತೆರೆಯುವ ಮುಚ್ಚುವ ಆ ಗುಲಾಬಿ ಗುಹೆಯನ್ನು ನೋಡುತ್ತ, ಓಡುತ್ತಿರುವುದು ಕುದುರೆಯೋ ಗುಹೆಯೋ ಎಂಬ ಭ್ರಮೆ ನನಗುಂಟಾಯಿತು. ಆಗ ಶಂಖ ಮೊಳಗಿತು. ಹುಲಿಗೆವ್ವ ಎಲೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ನೋಡ್ರಿ, ನೋಡ್ರಿ! ಕದಾ ನಿಂತೈತಿ! ನಡಗತೈತಿ, ಆದ್ರ ಒಳಗ ಬೀಳವಲ್ದು. ಬಡಕೊಳ್ಳಾಕ್ಹತ್ತಿದ್ದು ಅದರ ಬುಡದಾಗಿನ ಪರದೆ!"

ಹಾಗೆಯೇ ಇತ್ತು. ಯಾವ ಕದವನ್ನು ನಾವು ಎಳೆದು ಕಟ್ಟಲು ಹೊರಟಿದ್ದೆವೋ ಅದು ಓಟದಲ್ಲಿ ತನ್ನ ಕೆಲಸವನ್ನು ಹೇಗೋ ಮಾಡುತ್ತಿತ್ತು. ಅದರ ಕೆಳಗಿನ ಧ್ವನಿತಂತು ಮಾತ್ರ ಸಡಿಲಗೊಂಡು, ಗಾಳಿಗೆ ಸಿಕ್ಕಿದ ಒದ್ದೆಬಟ್ಟೆಯಂತೆ ದಾರಿಯೊಳಗೆ ಉಬ್ಬಿ ಬೀಳುತ್ತಿತ್ತು. ದನಿಯೂ ಅದರದೇ, ಅಡ್ಡಿಯೂ ಅದರದೇ. ಕೆರೆಯ ಏರಿಯ ಮೇಲೆಯೇ ಸಭೆ ಕೂಡಿತು. ಏನನ್ನೂ ಮಾಡದೆ ಅವಳನ್ನು ಮೇಯಲು ಬಿಡಬಹುದಿತ್ತು. ಆಗ ಅವಳು ನೆಮ್ಮದಿಯಿಂದ ಬದುಕುವಳು, ಆದರೆ ಬೆಟ್ಟದಾಚೆಗೆ ಔಷಧಿ ಹೋಗದು. ಕೊರಳಿನಲ್ಲಿ ರಂಧ್ರ ಮಾಡಿ ಅಲ್ಲಿಂದಲೇ ಉಸಿರಾಡಿಸಬಹುದಿತ್ತು. ನಿರ್ಮಲವಾದ ಗಾಳಿಯಿರುವ ನಾಡಿಗೆ ಅದು ಸರಿ, ನಮ್ಮ ಕೆಂಪು ಧೂಳು ಮೂಗಿನ ಸೋಸುವಿಕೆಯಿಲ್ಲದೆ ನೇರವಾಗಿ ಒಳಗಿಳಿಯುವುದು. ಕಟ್ಟುಹೊಲಿಗೆಯಿಂದ ಎಲ್ಲಕ್ಕಿಂತ ಅಗಲವಾದ ದಾರಿ ದೊರೆಯುವುದು, ಆದರೆ ಅಷ್ಟು ಅಗಲ ಬೇಕಾದುದು ಪಂದ್ಯದಲ್ಲಿ ಓಡುವ ಕುದುರೆಗೆ. ಶಂಖಿ ಚೀಲ ಹೊತ್ತು ನಡೆಯುವವಳು, ದಾರಿಯಲ್ಲಿ ಸಿಕ್ಕ ನೀರು ಕುಡಿಯುವವಳು. ಉಳಿದುದು ಆ ತಂತುವನ್ನು ಮಾತ್ರ ತೆಗೆಯುವುದು. ಕದ ಮುಂದೆಂದಾದರೂ ಪೂರ್ತಿ ಸೋಲಬಹುದು, ಆಗ ಮತ್ತೆ ಸಭೆ ಕೂಡಬೇಕಾದೀತು ಎಂದು ಹುಲಿಗೆವ್ವ ಮರೆಮಾಚದೆ ಹೇಳಿದಳು. ದನಿ ಹೋಗುವುದೆಂಬುದನ್ನೂ ಹೇಳಿದಳು.

ದ್ಯಾಮವ್ವ ಸುಮ್ಮನಿರಲಿಲ್ಲ. "ದನಿ ಹೋದ್ರ ನಮಗ ಹೆಂಗ ಗೊತ್ತಾಗಬೇಕು? ಆಕಿ ಕೂಗು ಕೇಳಿದ ಕೂಡ್ಲೆ ನಾವು ಒಲಿಮ್ಯಾಲ ಹಂಚ ಇಡ್ತಿದ್ವಿ."

"ಗಂಟಿ ಕಟಗೊಂಡ ಬರ್ತೀನಿ ಬಿಡ, ಯಮ್ಮಾ," ಎಂದಳು ದಾವಲಬಿ. "ಹಂಚ ನೀ ಇಟ್ಟಿರು."

ನಾನು ಅವಳಾಗಿ ಮತ್ತೊಮ್ಮೆ ನುಡಿದೆ: "ನನ್ನ ದನಿಯನ್ನು ತೆಗೆದುಕೊಳ್ಳಿರಿ. ನೀರನ್ನು ನನಗೆ ಬಿಡಿರಿ." ಹೀಗೆ ನುಡಿದವನ ನಾಲಿಗೆ ಒಣಗಿತ್ತೆಂಬುದನ್ನು ಸಭೆ ಗಮನಿಸಿರಲಾರದು.

ಶಸ್ತ್ರಕ್ರಿಯೆಯ ದಿನ ನಾನು ಉಪವಾಸವಿದ್ದೆ. ಅವಳನ್ನು ಕೆಡವಲಿಲ್ಲ. ಮಂಪರಿನ ಮದ್ದು ಕೊಟ್ಟು, ಗಂಟಲನ್ನು ಮರಗಟ್ಟಿಸಿ, ತಲೆಯನ್ನು ಹುಲ್ಲಿನ ದಿಂಬಿಗೆ ಒರಗಿಸಿ ನಿಲ್ಲಿಸಿದ್ದರು. ಬೆಳಕಿನ ಅಲಗು ಕಣ್ಣುಬಳ್ಳಿಯ ಜೊತೆಯಲ್ಲಿ ಮೂಗಿನಿಂದಲೇ ಇಳಿಯಿತು. ದಾವಲಬಿ ಹಗ್ಗ ಹಿಡಿದಿದ್ದಳು. ನಾನು ಇನ್ನೊಂದು ಹೊಳ್ಳೆಯ ಮುಂದೆ ಅಂಗೈಯೊಡ್ಡಿ, ಬರುವ ಹೋಗುವ ಬಿಸಿಯುಸಿರಿಗೊಂದೊಂದು ಪಂಚನಮಸ್ಕಾರವನ್ನು ಹೇಳಿಕೊಳ್ಳುತ್ತಿದ್ದೆ. ಅವಳ ಕಣ್ಣು ಅರೆಮುಚ್ಚಿತ್ತು. ನನ್ನನ್ನು ನೋಡುತ್ತಿದ್ದಳೋ, ಎಂದೋ ಮೇದ ಹಸಿರನ್ನು ನೋಡುತ್ತಿದ್ದಳೋ ತಿಳಿಯದು. ಹುಲಿಗೆವ್ವ "ಆತ್ರಿ" ಎಂದಾಗ ಚಿಮಟದ ತುದಿಯಲ್ಲಿದ್ದುದು ಒಣಗಿದ ಹೂವಿನ ಎಸಳಿನಷ್ಟು ಸಣ್ಣದು. ಇಷ್ಟಕ್ಕೆ ಊರೂರೇ ಕೈಮುಗಿದಿತ್ತು.

ಗಾಯ ಮಾಯುವವರೆಗೆ ಅವಳನ್ನು ಲಾಯದಲ್ಲಿಯೇ ಇಟ್ಟಿದ್ದೆವು. ಬಳಿಕ ಕೆಂದೆರೆ ಇಳಿಯಿತು, ದಾವಲಬಿ ಅವಳ ಕೊರಳಿಗೆ ಗಂಟೆ ಕಟ್ಟಿ ಹೊರಟಳು. ಹೋದ ವರುಷ ಹೊರಟವಳು ಎಷ್ಟು ದೂರ ಹೋದಳೆಂಬುದನ್ನು ದನಿಯಿಂದ ಅಳೆಯುತ್ತಿದ್ದೆ. ಈ ಸಲ ಅವಳು ಹಗ್ಗದ ಕೊನೆಯನ್ನು ದಾಟಿದೊಡನೆ ಜಗತ್ತಿನಿಂದಲೇ ಮರೆಯಾದಳು. ಬರಬೇಕಾದ ದಿನ ನಾನು ಊರಬಾಗಿಲಲ್ಲಿ, ನೀರಿನ ಕಲ್ಲುಬಾನಿಯ ಪಕ್ಕ ಕುಳಿತೆ. ಮರುದಿನವೂ ಕುಳಿತೆ. ಕೆಂಪಿನೊಳಗೆ ಕಿವಿಯಿಟ್ಟು ಕುಳಿತವನಿಗೆ ಎಷ್ಟೋ ಶಂಖಗಳು ಕೇಳಿಸುತ್ತವೆ, ಒಂದೂ ನಿಜವಲ್ಲ. ಗಂಟೆಯೂ ಕೇಳಿಸಲಿಲ್ಲ. ನನ್ನ ಉತ್ತರ ತಪ್ಪಾಗಿತ್ತೇ, ಕದ ಬಿದ್ದುಹೋಯಿತೇ, ಆ ಏರಿನಲ್ಲಿ ಅವಳು ತೆರೆಯಲು ಇನ್ನೊಂದು ಬಾಯಿಯಿಲ್ಲದೆ ನಿಂತಿರುವಳೇ ಎಂದು ಯೋಚಿಸುತ್ತಿದ್ದಂತೆ, ಕೆಂದೆರೆಯ ಒಂದು ಭಾಗ ಉಳಿದುದಕ್ಕಿಂತ ಬೆಚ್ಚಗಾಯಿತು. ಅದು ನನ್ನ ಭುಜದ ಮೇಲೆ ಉಸಿರಾಡಿತು. ಯಾರೋ ನನ್ನ ಉತ್ತರೀಯದ ಅಂಚನ್ನು ಜಗಿದರು.

"ಗಂಟೀಗೆ ಕೆಂಪು ಕೆಸರು ಮೆತ್ತಿ ನಾಲಿಗಿನ ಕಟ್ಟಿತ್ರಿ, ಅಜ್ಜಾರ," ಎಂದಿತು ಅದರಾಚೆಯಿಂದ ದಾವಲಬಿಯ ದನಿ. "ಆ ಮುದುಕಿ ಹಂಚ ಇಟ್ಟಿದ್ದಿಲ್ಲ. ಬಾಗಲಾ ಬಡದ್ರ, ಯಾರದು ಅಂತ ಕೇಳ್ತಾಳ! ನಮ್ಮನ್ನ! ಏರಿನ್ಯಾಗ ಒಂದ ಕಡೀನೂ ನಿಂದರಲಿಲ್ರಿ ಈಕಿ. ನಾನ ನಿಂತೆ."

ಶಂಖಿ ಬಾನಿಗೆ ಬಾಯಿಟ್ಟಿದ್ದಳು. ದಾವಲಬಿ ಮಾತು ನಿಲ್ಲಿಸಿದಳು. ಮುಕುಟನನ್ನು ಕಂಡ ನಾವಿಬ್ಬರೂ ಒಂದೇ ದನಿಗಾಗಿ ಹೆದರಿ ಕಾದೆವು. ಗುಟುಕು ಗುಟುಕಾಗಿ ನೀರು ಅವಳ ಕೊರಳಿನಲ್ಲಿ ಇಳಿಯಿತು. ಬಾನಿಯ ನೀರು ತಗ್ಗಿತು. ಅವಳು ತಲೆಯೆತ್ತಿದಳು, ಮೂತಿಯಿಂದ ಹನಿಗಳು ಬಿದ್ದವು. ಕೆಮ್ಮು ಬರಲಿಲ್ಲ.

ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಕಾಲದಲ್ಲಿ ಎಲ್ಲಿಯಾದರೂ ಗಂಟಲು ಮೊಳಗಿಸುತ್ತ ಓಡುವ ಕುದುರೆಯಿದ್ದರೆ, ಅದನ್ನು ನಿಲ್ಲಿಸಿ ನೋಡಿದ್ದೇ ಸಾಕೆಂದು ನಿಶ್ಚಯಿಸಬೇಡಿರಿ. ಅದು ಯಾವ ಕೆಲಸದಲ್ಲಿ ಸೋಲುತ್ತಿದೆಯೋ ಆ ಕೆಲಸದಲ್ಲಿಯೇ ಅದರ ಗಂಟಲನ್ನು ನೋಡಿರಿ. ದಾರಿಯನ್ನು ಎಷ್ಟು ಅಗಲಿಸಬಲ್ಲಿರೆಂದು ಕೇಳಿಕೊಳ್ಳುವ ಮೊದಲು, ಆ ಜೀವಕ್ಕೆ ಎಷ್ಟು ಅಗಲ ಬೇಕೆಂದು ಕೇಳಿಕೊಳ್ಳಿರಿ. ಅದರ ಪರವಾಗಿ ‘ನನಗೆ’ ಎಂದು ಗಟ್ಟಿಯಾಗಿ ಒಮ್ಮೆ ನುಡಿದು ನೋಡಿರಿ, ನಾಲಿಗೆ ಒಣಗಿದರೆ ಒಳ್ಳೆಯದು. ಅಲಗನ್ನು ಇಳಿಸಲೇಬೇಕಾದರೆ, ಅದಕ್ಕೆ ಮುನ್ನ ಆ ದನಿಯನ್ನು ನನ್ನ ಸಲುವಾಗಿ ತುಸು ಹೊತ್ತು ಕೇಳಿರಿ. ಅದು ನೋವಿನ ದನಿಯೆಂದು ಈಗ ಬಲ್ಲೆನಾದರೂ, ಅದು ಚೆಲುವಾಗಿತ್ತೆಂಬುದನ್ನು ಸುಳ್ಳೆನ್ನಲಾರೆ.

ನನ್ನಿಂದಾದ ಅಪಚಾರಗಳನ್ನು ನೀವೂ, ಈ ಓಲೆ ದಾಟಿಬರುವ ಎಲ್ಲ ಜೀವಿಗಳೂ ಮನ್ನಿಸಬೇಕು. ಬಂಡೆಯ ಬಾಯಿ ತಣ್ಣಗಾಗುತ್ತಿದೆ. ಶಂಖಿಗೆ ನೀರು ಕುಡಿಸುವ ವೇಳೆಯಾಯಿತು. ಏನೂ ಕೇಳಿಸದಿರುವುದನ್ನು ಕೇಳಲು ನಾನು ಹೋಗಬೇಕು.